ಇಲ್ಲ, ಕೂಡದು, ಒಲ್ಲೆ

ಕನ್ನಡದಲ್ಲಿ ನಿಷೇಧವನ್ನು ಹೇಳುವುದಕ್ಕೆ ಎಷ್ಟು ಬಗೆಗಳಿವೆಯೆಂಬುದನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತರಗತಿಗಳಲ್ಲಿ ಪಾಠ ಹೇಳಿಕೊಂಡು ಬಂದವನು ನಾನು. ಇಲ್ಲ, ಅಲ್ಲ, ಬೇಡ, ಬಾರದು, ಕೂಡದು, ಒಲ್ಲೆ, ಅರಿಯೆ - ಒಂದೊಂದಕ್ಕೂ ಅದರದರ ಸ್ಥಾನವಿದೆ. ಮನೆಯಲ್ಲಿ ಅನ್ನ ಇಲ್ಲದಿರುವುದು ಬೇರೆ. ವೈದ್ಯರು ಅನ್ನ ಕೂಡದೆಂದು ಹೇಳಿರುವುದು ಬೇರೆ. ತಟ್ಟೆಯ ಮುಂದೆ ಕುಳಿತ ಮಗು ಒಲ್ಲೆನೆಂದು ಮುಖ ತಿರುಗಿಸುವುದು ಇನ್ನೂ ಬೇರೆ. ಮೂರು ಸಂದರ್ಭಗಳಲ್ಲಿಯೂ ಊಟ ನಡೆಯುವುದಿಲ್ಲ. ಆದರೆ ಮೂರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಈ ಭೇದವನ್ನು ಒಂದು ಕಬ್ಬಿಣದ ಪೆಟ್ಟಿಗೆಯೂ ಬಲ್ಲದೆಂಬುದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ, 2023ರ ನವೆಂಬರ್ ತಿಂಗಳಿನ ಒಂದು ಮಧ್ಯಾಹ್ನ. ಆ ಪೆಟ್ಟಿಗೆಯ ಹೆಸರು ನೆಟ್‌ವರ್ಕ್ ಸ್ವಿಚ್ಚು. ಅದರ ಒಂದೊಂದು ಪೋರ್ಟಿನ ಸ್ಥಿತಿಯನ್ನು ಅಕ್ಷರಗಳ ಮೂಲಕವೇ ಕೇಳಿ ತಿಳಿಯುವ ಕ್ರಮವೊಂದಿದೆ. ಇಂದು ಅದನ್ನೇ ಹೇಳಹೊರಟಿದ್ದೇನೆ. ತಂತ್ರಜ್ಞನಲ್ಲದವನು ತಂತ್ರದ ಮಾತನ್ನಾಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇದರಲ್ಲಿ ಮುಖ್ಯವಾದದ್ದು ಓದುವ ಕೆಲಸ. ಓದುವುದು ನನ್ನ ಕಸುಬು.

ಸ್ವಿಚ್ಚು ಎಂದೊಡನೆ ಗೋಡೆಯ ಮೇಲಿನ ದೀಪದ ಗುಂಡಿ ನೆನಪಾಗುತ್ತದೆ. ಇದು ಅದಲ್ಲ. ಕಾಲೇಜು, ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿ ಎಲ್ಲೆಲ್ಲಿ ಹತ್ತಾರು ಕಂಪ್ಯೂಟರುಗಳಿವೆಯೋ ಅಲ್ಲೆಲ್ಲ ಯಾವುದೋ ಮೂಲೆಯ ಗಾಜಿನ ಬೀರುವಿನೊಳಗೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಚಪ್ಪಟೆ ಮಾಡಿದಂತಹ ಯಂತ್ರವೊಂದು ಕುಳಿತಿರುತ್ತದೆ. ಅದರ ಮುಖದ ಮೇಲೆ ಸಾಲಾಗಿ 24 ಅಥವಾ 48 ಚೌಕ ಕಿಂಡಿಗಳು. ಒಂದೊಂದು ಕಿಂಡಿಗೂ ಪೋರ್ಟು ಎಂದು ಹೆಸರು. ಒಂದೊಂದರಿಂದಲೂ ಒಂದೊಂದು ಕೇಬಲ್ಲು ಹೊರಟು ಗೋಡೆ ಹತ್ತಿ, ಸೂರು ಹಿಡಿದು, ಯಾವುದೋ ಕೋಣೆಯ ಕಂಪ್ಯೂಟರನ್ನು ಮುಟ್ಟುತ್ತದೆ. ಯಾವ ಕಿಂಡಿಯ ಹಿಂದೆ ಯಾವ ಯಂತ್ರವಿದೆಯೆಂಬುದನ್ನು, ಬಂದ ಕಾಗದದ ಮೇಲಿನ 'ಇಂದ' ವಿಳಾಸವನ್ನು ನೋಡಿ ನೋಡಿಯೇ ಸ್ವಿಚ್ಚು ಕಲಿತುಕೊಳ್ಳುತ್ತದೆ. ಆಮೇಲೆ ಒಬ್ಬರಿಗೆ ಬಂದ ಕಾಗದವನ್ನು ಅವರ ಮನೆಗೆ ಮಾತ್ರ ಹಾಕುತ್ತದೆ. ಇದಕ್ಕೆ ಮೊದಲಿದ್ದ ಹಬ್ ಎಂಬ ಪೆಟ್ಟಿಗೆ ಊರಿನ ತಳವಾರನಂತೆ; ಒಬ್ಬರಿಗೆ ಹೇಳಬೇಕಾದದ್ದನ್ನೂ ಊರಿಗೆಲ್ಲ ಸಾರಿಬಿಡುತ್ತಿತ್ತು. ಸ್ವಿಚ್ಚು ಟಪಾಲಿನವನಂತೆ.

ಈ ಜಾಲದ ಪದ್ಧತಿಗೆ ಈಥರ್‌ನೆಟ್ ಎಂದು ಹೆಸರು. 1973ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬವರು ಬರೆದ ಟಿಪ್ಪಣಿಯೊಂದರಲ್ಲಿ ಆ ಹೆಸರು ಮೊದಲು ಬಂದಿತು. ಬೆಳಕು ಚಲಿಸುವುದಕ್ಕೆ ಈಥರ್ ಎಂಬ ಅಗೋಚರ ಮಾಧ್ಯಮವೊಂದು ಬೇಕೆಂದು ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬ ಇಬ್ಬರು ನಡೆಸಿದ ಪ್ರಯೋಗದಲ್ಲಿ ಅದರ ಸುಳಿವು ಸಿಗಲಿಲ್ಲ. ವಿಜ್ಞಾನ ಕೈಬಿಟ್ಟ ಪದವನ್ನು ಮೆಟ್‌ಕಾಫ್ ಒಂದು ತಂತಿಗೆ ತೊಡಿಸಿದರು. ನಮ್ಮ ದಾರ್ಶನಿಕರು ಶಬ್ದಕ್ಕೆ ಆಶ್ರಯವೆಂದು ಆಕಾಶವನ್ನು ಹೇಳಿದ್ದು ಇಲ್ಲಿ ನೆನಪಾಗದಿರದು. ಈ ಮಾತುಗಳನ್ನು ನಿಮ್ಮ ಕಿವಿಗೆ ಮುಟ್ಟಿಸುತ್ತಿರುವ ಸಂಸ್ಥೆಯ ಹೆಸರಿನಲ್ಲಿಯೂ ಆ ಆಕಾಶವೇ ಇದೆ. ಇನ್ನೊಂದು ಸ್ವಾರಸ್ಯ. ಹಲವು ಪೋರ್ಟುಗಳ ಈಥರ್‌ನೆಟ್ ಸ್ವಿಚ್ಚನ್ನು 1990ರ ಸುಮಾರಿಗೆ ಮೊದಲು ಮಾರುಕಟ್ಟೆಗೆ ತಂದ ಅಮೆರಿಕದ ಸಂಸ್ಥೆಯ ಹೆಸರು 'ಕಲ್ಪನಾ'. ಅದರ ಸ್ಥಾಪಕರಲ್ಲಿ ಒಬ್ಬರಾದ ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅವರು ತಮ್ಮ ಪತ್ನಿಯ ಹೆಸರನ್ನೇ ಸಂಸ್ಥೆಗೆ ಇಟ್ಟಿದ್ದರು. ಅವರ ಪೆಟ್ಟಿಗೆಗೆ ಇದ್ದದ್ದು ಏಳೇ ಪೋರ್ಟುಗಳು. 1994ರಲ್ಲಿ ಆ ಸಂಸ್ಥೆಯನ್ನು ಸಿಸ್ಕೋ ಎಂಬ ದೊಡ್ಡ ಕಂಪನಿ ಕೊಂಡಿತು. ನಮ್ಮ ಕಾಲೇಜಿನ ಗ್ರಂಥಾಲಯದ ಬೀರುವಿನಲ್ಲಿ ಇದ್ದದ್ದು ಆ ಸಿಸ್ಕೋದವರ 24 ಪೋರ್ಟಿನ ಪೆಟ್ಟಿಗೆ.

ಇನ್ನು ನಡೆದ ಸಂಗತಿ. ಹಳೆಯ ಪತ್ರಿಕೆಗಳ ಸಂಪುಟಗಳನ್ನು ನೋಡುವುದಕ್ಕೆಂದು ನಾನು ವಾರಕ್ಕೆರಡು ದಿನ ನನ್ನ ಹಳೆಯ ಕಾಲೇಜಿಗೆ ಹೋಗುವುದುಂಟು. ಅಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹುಡುಗ ನನ್ನ ಶಿಷ್ಯ, ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿ, ಅದರಿಂದ ಹೊಟ್ಟೆ ತುಂಬುವುದಿಲ್ಲವೆಂದು ಬೆಂಗಳೂರಿಗೆ ಹೋಗಿ ಆರು ತಿಂಗಳು ನೆಟ್‌ವರ್ಕಿನ ತರಬೇತಿ ಪಡೆದು ಬಂದವನು. ಗುತ್ತಿಗೆಯ ಕೆಲಸ, ಮೂರು ತಿಂಗಳಿಂದ ಸಂಬಳವಾಗಿರಲಿಲ್ಲ. ಒಂದೆರಡು ದಿನ ಮೊದಲು ಕಚೇರಿಯವರ ಎದುರಿಗೆ ಬೇಸತ್ತು, 'ಎಲ್ಲಾ ಮುಚ್ಚಿ ಹೋಗ್ತೀನಿ' ಎಂದು ಅಂದುಬಿಟ್ಟಿದ್ದನಂತೆ. ಆ ದಿನ ಬೆಳಗ್ಗೆ ಹನ್ನೊಂದಕ್ಕೆ ಪ್ರಾಂಶುಪಾಲರ ಕೋಣೆಗೆ ಸಂಬಳದ ಅರ್ಜಿ ಹಿಡಿದು ಹೋದ. ಹನ್ನೊಂದೂವರೆಯ ಹೊತ್ತಿಗೆ ಪರೀಕ್ಷಾ ವಿಭಾಗದ ನಾಲ್ಕೂ ಕಂಪ್ಯೂಟರುಗಳಿಗೆ ಸಂಪರ್ಕ ಕಡಿದಿರುವುದು ಗೊತ್ತಾಯಿತು. ಆಂತರಿಕ ಅಂಕಗಳನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲು ಅಂದೇ ಕಡೆಯ ದಿನ. ಕಾಲೇಜಿನ ಉಳಿದೆಲ್ಲ ಕೋಣೆಗಳಲ್ಲಿ ಕೆಲಸ ಸುಸೂತ್ರವಾಗಿ ನಡೆಯುತ್ತಿತ್ತು. ಇನ್ನು ಹೇಳುವುದೇನು? 'ಅವನೇ ಮುಚ್ಚಿದ್ದಾನೆ' ಎಂಬ ಮಾತು ಹುಟ್ಟಿತು. ಪರೀಕ್ಷಾ ವಿಭಾಗದ ಮೇಜಿನ ಕೆಳಗೆ ಎಂಟು ಕಿಂಡಿಯ ಒಂದು ಚಿಕ್ಕ ಪೆಟ್ಟಿಗೆಯಿತ್ತು. ಅದರ ದೀಪಗಳೆಲ್ಲ ಹಿಂದೆಂದೂ ಇಲ್ಲದಷ್ಟು ಚುರುಕಾಗಿ ಮಿಣುಕುತ್ತಿದ್ದವು. ನಮ್ಮ ಕಡೆ ಎಲ್ಲ ಸರಿಯಾಗಿದೆ, ದೋಷ ಅವನ ಬೀರುವಿನದೇ ಎಂದು ಅಲ್ಲಿನವರ ವಾದ. ಹನ್ನೆರಡಕ್ಕೆಲ್ಲ ಕಾರಣ ಕೇಳುವ ಜ್ಞಾಪನ ಪತ್ರ ಟೈಪಾಗುತ್ತಿತ್ತು.

ಹುಡುಗ ಗ್ರಂಥಾಲಯಕ್ಕೆ ಬಂದವನು, ನನ್ನನ್ನು ಕಂಡು, "ಸಾರ್, ಒಂದ್ನಿಮಿಷ ಬನ್ನಿ. ನಾನು ಏನು ಮಾಡ್ತೀನೋ ನೋಡ್ತಾ ಕೂತಿರಿ. ಆಮೇಲೆ ನಾನು ಹೇಳಿದ್ರೆ ಯಾರೂ ನಂಬಲ್ಲ, ನೀವು ಹೇಳಿದ್ರೆ ನಂಬ್ತಾರೆ" ಎಂದ. ನಾನು ಕನ್ನಡಕ ಒರೆಸಿಕೊಂಡು, ಕೈಯಲ್ಲಿದ್ದ ಟಿಪ್ಪಣಿ ಪುಸ್ತಕದಲ್ಲಿ ಹೊಸ ಪುಟ ತೆಗೆದು ಕುಳಿತೆ.

ಅವನು ತಿಳಿನೀಲಿ ಬಣ್ಣದ ಚಪ್ಪಟೆ ತಂತಿಯೊಂದನ್ನು ಸ್ವಿಚ್ಚಿನ ಕನ್ಸೋಲ್ ಎಂಬ ಪ್ರತ್ಯೇಕ ಕಿಂಡಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ಜಾಲದ ಮೂಲಕ ದೂರದಿಂದಲೂ ಸ್ವಿಚ್ಚಿನೊಡನೆ ಮಾತನಾಡಬಹುದು. ಅದಕ್ಕೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಮಾರ್ಗವಿದೆ. ಹಿಂದಿನ ಟೆಲ್‌ನೆಟ್ಟಿನಲ್ಲಿ ಪಾಸ್‌ವರ್ಡು ಬಿಚ್ಚು ಅಕ್ಷರಗಳಲ್ಲೇ ಹೋಗುತ್ತಿದ್ದರಿಂದ ಅದನ್ನು ಈಗ ಬಲ್ಲವರು ಬಳಸುವುದಿಲ್ಲ. ಆದರೆ ಜಾಲವೇ ಕೆಟ್ಟಿರುವಾಗ ಜಾಲದ ಮೂಲಕ ಹೋಗುವುದು ಹೇಗೆ? ಆಗ ಈ ನೀಲಿ ತಂತಿಯೇ ಗತಿ. ಅದರ ವೇಗ ಸೆಕೆಂಡಿಗೆ 9600 ಬಿಟ್ಟು. ಇಂದಿನ ಲೆಕ್ಕದಲ್ಲಿ ಎತ್ತಿನ ಗಾಡಿ. ಆದರೂ ಅದು ಅಕ್ಷರಗಳನ್ನು ಹೊರುವುದಕ್ಕೆ ಧಾರಾಳವಾಗಿ ಸಾಕು.

ಪರದೆಯ ಮೇಲೆ ಚಿತ್ರಗಳಿಲ್ಲ, ಗುಂಡಿಗಳಿಲ್ಲ; ಕಪ್ಪು ಹಿನ್ನೆಲೆಯಲ್ಲಿ ಸ್ವಿಚ್ಚಿನ ಹೆಸರು, ಅದರ ಮುಂದೆ ಬಾಣದ ಮೊನೆಯಂತಹ ಒಂದು ಗುರುತು. ಇದೇ ಕಮಾಂಡ್ ಲೈನು. ಒಂದು ಸಾಲು ಬರೆದು ಕೇಳಬೇಕು, ಅದು ಕೆಲವು ಸಾಲು ಬರೆದು ಉತ್ತರಿಸುತ್ತದೆ. ಬಾಣದ ಮೊನೆ ಇರುವವರೆಗೆ ನಾವು ಅಂಗಳದಲ್ಲಿದ್ದೇವೆಂದು ಅರ್ಥ. 'ಎನೇಬಲ್' ಎಂದು ಬರೆದು ಪಾಸ್‌ವರ್ಡು ಕೊಟ್ಟರೆ ಆ ಗುರುತು ಹೋಗಿ ನಾಲ್ಕು ಗೆರೆಯ ಜಾಲರಿಯಂತಹ ಗುರುತು ಬರುತ್ತದೆ. ಆಗ ನಡುಮನೆಗೆ ಪ್ರವೇಶ. 'ಶೋ' ಎಂದು ತೊಡಗುವ ಆಜ್ಞೆಗಳೆಲ್ಲ ತೋರಿಸುವುವೇ ಹೊರತು ಏನನ್ನೂ ಬದಲಿಸುವುದಿಲ್ಲ. ಆದ್ದರಿಂದ ಹೊಸಬರು ಇವನ್ನು ನಿರ್ಭಯವಾಗಿ ಬರೆಯಬಹುದು. ತಪ್ಪು ಬರೆದರೆ ಯಂತ್ರವು, ತಪ್ಪಿದ್ದಲ್ಲಿಗೆ ಸರಿಯಾಗಿ ಕೆಳಗಡೆ ಒಂದು ಕಾಕಪಾದವನ್ನು ಇಟ್ಟು, ಇಲ್ಲಿ ತಪ್ಪಿದೆಯೆಂದು ಹೇಳುತ್ತದೆ. ಉತ್ತರ ಪತ್ರಿಕೆಗಳ ಕಟ್ಟುಗಳ ಮೇಲೆ ಕೆಂಪು ಶಾಯಿಯಲ್ಲಿ ಅದೇ ಗುರುತನ್ನು ಎಷ್ಟು ಸಾವಿರ ಸಲ ಹಾಕಿದ್ದೇನೋ! ಮುಂದಿನ ಪದ ತೋಚದಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಸಾಕು. ಅಲ್ಲಿ ಬರಬಹುದಾದ ಪದಗಳನ್ನೆಲ್ಲ ಅದೇ ಪಟ್ಟಿ ಮಾಡಿ ಕೊಡುತ್ತದೆ. ಇಷ್ಟು ಉದಾರವಾದ ಪರೀಕ್ಷಕನನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಹುಡುಗ ಬರೆದ ಸಾಲು 'ಶೋ ಇಂಟರ್‌ಫೇಸಸ್ ಸ್ಟೇಟಸ್'. ಅವನು ಪೂರ್ತಿ ಬರೆಯಲಿಲ್ಲ. 'ಶ್', 'ಇಂಟ್', 'ಸ್ಟೇಟಸ್' ಎಂದು ತುಂಡು ಮಾಡಿ ಬರೆದ. ಬೇರೆ ಪದದೊಡನೆ ಗೊಂದಲವಾಗದಷ್ಟು ಅಕ್ಷರಗಳಿದ್ದರೆ ಯಂತ್ರ ಒಪ್ಪಿಕೊಳ್ಳುತ್ತದಂತೆ.

ಒಡನೆಯೇ ಒಂದು ಕೋಷ್ಟಕ ಬಂದಿತು. ಏಳು ಅಂಕಣಗಳು: ಪೋರ್ಟು, ಹೆಸರು, ಸ್ಥಿತಿ, ವಿಲ್ಯಾನ್, ಡ್ಯೂಪ್ಲೆಕ್ಸ್, ವೇಗ, ಬಗೆ. ಪೋರ್ಟಿನ ಅಂಕಣದಲ್ಲಿ 'ಜಿಐ 1/0/17' ಎಂಬಂತಹ ಗುರುತು. ಜಿಐ ಎಂದರೆ ಗಿಗಾಬಿಟ್ ವೇಗದ್ದೆಂದು; ಮೊದಲ ಅಂಕ ಪೆಟ್ಟಿಗೆಯದು, ಎರಡನೆಯದು ಪೆಟ್ಟಿಗೆಯೊಳಗಿನ ವಿಭಾಗದ್ದು, ಮೂರನೆಯದು ಕಿಂಡಿಯದು. ಸಂಪುಟ, ಸಂಚಿಕೆ, ಪುಟ ಎಂದು ನಾವು ಉಲ್ಲೇಖ ಕೊಡುವುದಿಲ್ಲವೆ, ಹಾಗೆಯೇ. ವಿಲ್ಯಾನ್ ಎಂದರೆ ಒಂದೇ ಪೆಟ್ಟಿಗೆಯೊಳಗೆ ಮಾಡಿಕೊಂಡ ಬೇರೆ ಬೇರೆ ಪಂಕ್ತಿಗಳು. ಕಚೇರಿಯ ಪಂಕ್ತಿಯ ಮಾತು ವಿದ್ಯಾರ್ಥಿಗಳ ಪಂಕ್ತಿಗೆ ಹೋಗದಂತೆ ಮಾಡಿದ ಏರ್ಪಾಡು. ಅದನ್ನು ಇಂದು ವಿಸ್ತರಿಸುವುದಿಲ್ಲ. ನಮ್ಮ ಕೆಲಸವಿರುವುದು ಮೂರನೆಯ ಅಂಕಣದಲ್ಲಿ.

ಹೆಚ್ಚಿನ ಸಾಲುಗಳಲ್ಲಿ 'ಕನೆಕ್ಟೆಡ್' ಎಂದಿತ್ತು. ಅಂದರೆ ತಂತಿಯ ಆ ತುದಿಯಲ್ಲಿ ಯಾರೋ ಇದ್ದಾರೆ, ಇಬ್ಬರಿಗೂ ಸಂಪರ್ಕವಾಗಿದೆ. ಐದಾರು ಕಡೆ 'ನಾಟ್‌ಕನೆಕ್ಟ್' ಎಂದಿತ್ತು. ಎರಡು ಪದಗಳನ್ನು ಸೇರಿಸಿ ಬರೆದು ಕಡೆಯ ಅಕ್ಷರಗಳನ್ನು ಬಿಟ್ಟ ಆ ಇಂಗ್ಲಿಷನ್ನು ಯಾವ ಇಂಗ್ಲಿಷ್ ಮೇಷ್ಟರೂ ಮೆಚ್ಚಲಾರರು. ಅದಿರಲಿ, ಅದರ ಅರ್ಥ ಬಾಗಿಲು ತೆರೆದಿದೆ, ಆದರೆ ಆಚೆ ಯಾರೂ ಇಲ್ಲ. ತಂತಿ ಸಿಕ್ಕಿಸಿಲ್ಲ, ಅಥವಾ ತಂತಿ ಕಡಿದಿದೆ, ಅಥವಾ ಆ ತುದಿಯ ಕಂಪ್ಯೂಟರು ಆರಿದೆ. ಇದು 'ಇಲ್ಲ'. ಕಡೆಯ ಎರಡು ಕಿಂಡಿಗಳಲ್ಲಿ 'ಡಿಸೇಬಲ್ಡ್' ಎಂದಿತ್ತು. ಯಾರೋ ಮನುಷ್ಯರು ಆಜ್ಞೆ ಕೊಟ್ಟು ಈ ಬಾಗಿಲನ್ನು ಮುಚ್ಚಿದ್ದಾರೆಂದು ಅದರ ಅರ್ಥ. ಇದೇ ಪೋರ್ಟನ್ನು ಕುರಿತು ವಿವರವಾಗಿ ಕೇಳಿದರೆ 'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಎಂದು ಯಂತ್ರ ಸ್ಪಷ್ಟವಾಗಿ ಬರೆಯುತ್ತದೆ. ಆಡಳಿತದ ಅಪ್ಪಣೆಯಿಂದ ಮುಚ್ಚಿದ್ದು. ಬಳಕೆಯಲ್ಲಿಲ್ಲದ ಕಿಂಡಿಗಳಿಗೆ ಕಂಡವರು ತಂತಿ ಸಿಕ್ಕಿಸದಿರಲೆಂದು ಹೀಗೆ ಮುಚ್ಚಿಡುವುದು ಒಳ್ಳೆಯ ಅಭ್ಯಾಸವಂತೆ. ಇದು 'ಕೂಡದು'.

ಹದಿನೇಳನೆಯ ಸಾಲಿನಲ್ಲಿ, ಪರೀಕ್ಷಾ ವಿಭಾಗದ ಪೋರ್ಟಿನ ಎದುರಿಗೆ, ಈ ಎರಡೂ ಇರಲಿಲ್ಲ. 'ಎರ್-ಡಿಸೇಬಲ್ಡ್' ಎಂದಿತ್ತು. ಮೊದಲಿನ 'ಎರ್' ಎಂಬುದು 'ಎರರ್' ಎಂಬುದರ ಮೊಟಕು. ಹುಡುಗ ಕುರ್ಚಿಗೆ ಒರಗಿ ಉದ್ದವಾಗಿ ಉಸಿರುಬಿಟ್ಟ. ನಾನು, "ಏನಪ್ಪ, ಎರಡೂ ಮುಚ್ಚಿದ್ದೇ ಅಲ್ಲವೆ?" ಎಂದೆ. "ಇಲ್ಲ ಸಾರ್, ಡಿಸೇಬಲ್ಡ್ ಅಂದ್ರೆ ನಾನು ಮುಚ್ಚಿದ್ದು. ಎರ್-ಡಿಸೇಬಲ್ಡ್ ಅಂದ್ರೆ ಅದೇ ಮುಚ್ಕೊಂಡಿದ್ದು" ಎಂದ. ಯಂತ್ರವೇ ಏನೋ ಅಪಾಯವನ್ನು ಕಂಡು, ಒಲ್ಲೆನೆಂದು, ತಾನಾಗಿ ಬಾಗಿಲು ಹಾಕಿಕೊಂಡಿದೆ. 'ಮುಚ್ಚಿದ' ಮತ್ತು 'ಮುಚ್ಚಿಕೊಂಡ'—ಒಂದು 'ಕೊಳ್ಳು' ಧಾತುವಿನ ಅಂತರ. ನಾನು ಆ ಸಾಲನ್ನು ಅಕ್ಷರ ಬಿಡದೆ ಪುಸ್ತಕದಲ್ಲಿ ಬರೆದುಕೊಂಡೆ.

ಏಕೆ ಮುಚ್ಚಿಕೊಂಡಿತೆಂಬುದನ್ನೂ ಅದನ್ನೇ ಕೇಳಬಹುದು. ಮೊದಲಿನ ಆಜ್ಞೆಯ ಕಡೆಗೆ 'ಎರ್-ಡಿಸೇಬಲ್ಡ್' ಎಂದು ಸೇರಿಸಿ ಬರೆದರೆ ಅಂತಹ ಪೋರ್ಟುಗಳನ್ನು ಮಾತ್ರ ಆರಿಸಿ, ಎದುರಿಗೆ ಕಾರಣವನ್ನೂ ಕೊಡುತ್ತದೆ. ಕಾರಣದ ಅಂಕಣದಲ್ಲಿ 'ಬಿಪಿಡಿಯುಗಾರ್ಡ್' ಎಂದಿತ್ತು. ಈ ಒರಟು ಪದವನ್ನು ಸ್ವಲ್ಪ ಬಿಡಿಸಬೇಕು.

ಸ್ವಿಚ್ಚುಗಳ ಜಾಲದಲ್ಲಿ ದಾರಿ ಎಲ್ಲಿಯಾದರೂ ಸುತ್ತಿ ಬಂದು ತನ್ನನ್ನೇ ಕೂಡಿಕೊಂಡರೆ ಅನರ್ಥ. ಎಲ್ಲರಿಗೂ ಸಾರಬೇಕಾದ ಒಂದು ಸಂದೇಶ ಆ ವರ್ತುಲಕ್ಕೆ ಬಿದ್ದರೆ ಅದಕ್ಕೆ ಮುಕ್ತಿಯೇ ಇಲ್ಲ, ಸುತ್ತುತ್ತಲೇ ಇರುತ್ತದೆ. ಹೊಸ ಸಂದೇಶಗಳು ಬಂದು ಸೇರುತ್ತ ಹೋಗಿ, ಕೆಲವೇ ಕ್ಷಣಗಳಲ್ಲಿ ಇಡೀ ಜಾಲ ಉಸಿರುಕಟ್ಟುತ್ತದೆ. ಇದನ್ನು ತಪ್ಪಿಸುವ ಉಪಾಯವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕನ್ ಮಹಿಳೆ ಕಂಡುಹಿಡಿದರು. ಸ್ವಿಚ್ಚುಗಳು ಕ್ರಮವಾಗಿ ಎರಡು ಸೆಕೆಂಡಿಗೊಮ್ಮೆ ಕಿರು ಓಲೆಗಳನ್ನು ಕಳುಹಿಸಿಕೊಳ್ಳುತ್ತವೆ. ಅವುಗಳ ಆಧಾರದಿಂದ ಎಲ್ಲಿ ಸುತ್ತುದಾರಿಯಿದೆಯೆಂದು ತಿಳಿದು, ಒಂದು ಕೊಂಡಿಯನ್ನು ತಡೆಹಿಡಿದು, ಜಾಲವನ್ನು ಬುಡದಿಂದ ಕೊಂಬೆಗೆ ಹರಡುವ ಮರದ ಆಕಾರಕ್ಕೆ ತರುತ್ತವೆ. ಮರದ ಕೊಂಬೆಗಳು ಎಲ್ಲಿಯೂ ಮತ್ತೆ ಬುಡಕ್ಕೆ ಬಂದು ಕೂಡುವುದಿಲ್ಲವಷ್ಟೆ. ಆಕೆ ತನ್ನ ವಿಧಾನದ ಸಾರವನ್ನು ಜಾಯ್ಸ್ ಕಿಲ್ಮರ್ ಎಂಬ ಕವಿಯ ಮರಗಳ ಮೇಲಿನ ಪದ್ಯದ ಧಾಟಿಯಲ್ಲಿ ಒಂದು ಅಣಕು ಪದ್ಯವಾಗಿಯೂ ಬರೆದರು. ನಮ್ಮಲ್ಲಿ ಗಣಿತ, ವೈದ್ಯ, ಸೂಪಶಾಸ್ತ್ರಗಳನ್ನೆಲ್ಲ ಪದ್ಯದಲ್ಲೇ ಬರೆದವರಿದ್ದರು. ಆ ಪರಂಪರೆ ಪೂರ್ತಿ ನಿಂತಿಲ್ಲವೆಂದು ತಿಳಿದು ಸಂತೋಷವಾಯಿತು.

ಆ ಕಿರು ಓಲೆಗೇ ಬಿಪಿಡಿಯು ಎಂದು ಹೆಸರು. ಓಲೆ ಬರಬೇಕಾದದ್ದು ಇನ್ನೊಂದು ಸ್ವಿಚ್ಚಿನಿಂದ. ಕೇವಲ ಕಂಪ್ಯೂಟರಿಗಾಗಿ ಬಿಟ್ಟ ಪೋರ್ಟಿನಲ್ಲಿ ಅಂತಹ ಓಲೆ ಒಳಗೆ ಬಂತೆಂದರೆ ಎಲ್ಲಿಯೋ ಸುತ್ತುದಾರಿಯಾಗಿರಬೇಕು, ಅಥವಾ ಯಾರೋ ಅಪ್ಪಣೆಯಿಲ್ಲದೆ ಸ್ವಿಚ್ಚು ತಂದು ಜೋಡಿಸಿರಬೇಕು. ಬಂದದ್ದನ್ನು ಕಂಡೊಡನೆ ಬಾಗಿಲು ಹಾಕು ಎಂದು ಮೊದಲೇ ಹೇಳಿಟ್ಟ ಕಾವಲೇ ಬಿಪಿಡಿಯು ಗಾರ್ಡು. ಆ ಕಾವಲನ್ನು ಇಟ್ಟದ್ದು ನಮ್ಮ ಹುಡುಗನೇ. ಅದಿಲ್ಲದಿದ್ದರೆ ಅಂದು ನಾಲ್ಕು ಕಂಪ್ಯೂಟರುಗಳಲ್ಲ, ಇಡೀ ಕಾಲೇಜೇ ಕುಳಿತುಬಿಡಬಹುದಾಗಿತ್ತು.

ಹೊತ್ತಿನ ಪ್ರಶ್ನೆ ಉಳಿದಿತ್ತು. 'ಶೋ ಲಾಗಿಂಗ್' ಎಂದರೆ ಸ್ವಿಚ್ಚು ತನ್ನ ದಿನಚರಿಯನ್ನು ತೋರಿಸುತ್ತದೆ. ಅದರಲ್ಲಿ ಹದಿನೇಳನೆಯ ಪೋರ್ಟಿನಲ್ಲಿ ಓಲೆ ಬಂದದ್ದೂ ಪೋರ್ಟು ಮುಚ್ಚಿಕೊಂಡದ್ದೂ ಎರಡು ಸಾಲುಗಳಲ್ಲಿ ದಾಖಲಾಗಿದ್ದವು. ಆದರೆ ತಾರೀಖು ನೋಡಿ ನಾನು ಬೆಚ್ಚಿದೆ: ಮಾರ್ಚ್ 19, ಬೆಳಗಿನ ಜಾವ 4 ಗಂಟೆ 22 ನಿಮಿಷ. ಮುಂದೆ ಒಂದು ನಕ್ಷತ್ರದ ಗುರುತು. ಗಡಿಯಾರವನ್ನು ಯಾರೂ ಸರಿಮಾಡಿಲ್ಲದಿದ್ದರೆ ಈ ಜಾತಿಯ ಸ್ವಿಚ್ಚು ಪ್ರತಿ ಸಲ ವಿದ್ಯುತ್ ಬಂದಾಗಲೂ 1993ರ ಮಾರ್ಚ್ 1ರಿಂದ ಎಣಿಸತೊಡಗುತ್ತದೆ. ಈ ಹೊತ್ತನ್ನು ನಂಬಬೇಡಿ ಎನ್ನುವುದಕ್ಕೆ ಆ ನಕ್ಷತ್ರ. ಹದಿನೆಂಟು ದಿನದ ಹಿಂದೆ ವಿದ್ಯುತ್ ಹೋಗಿ ಬಂದಿರಬೇಕು. ಹುಡುಗನ ಮುಖ ಕಳೆಗುಂದಿತು. ಇಲ್ಲಿ ಮಾತ್ರ ನನ್ನ ವಿದ್ಯೆ ಉಪಯೋಗಕ್ಕೆ ಬಂದಿತು. ಶಾಸನದಲ್ಲಿ ಶಕವರ್ಷವಿದ್ದರೆ 78 ಕೂಡಿಸಿ ನಾವು ಕ್ರಿಸ್ತಶಕವನ್ನು ತಿಳಿಯುವುದಿಲ್ಲವೆ? ಗಡಿಯಾರ ತಪ್ಪಾಗಿದ್ದರೂ ಅದರ ನಡೆ ತಪ್ಪಲ್ಲ. "ಈಗ ಎಷ್ಟು ಹೊತ್ತೆಂದು ಅದನ್ನು ಕೇಳು" ಎಂದೆ. 'ಶೋ ಕ್ಲಾಕ್' ಎಂದು ಬರೆದ. ಮಾರ್ಚ್ 19, 5 ಗಂಟೆ 40 ನಿಮಿಷ ಎಂದು ಉತ್ತರ ಬಂತು. ನನ್ನ ಕೈಗಡಿಯಾರದಲ್ಲಿ 12 ಗಂಟೆ 30 ನಿಮಿಷ. ಅಂತರ 1 ಗಂಟೆ 18 ನಿಮಿಷ. ಪೋರ್ಟು ಮುಚ್ಚಿಕೊಂಡದ್ದು 11 ಗಂಟೆ 12 ನಿಮಿಷಕ್ಕೆ. ಆ ಹೊತ್ತಿನಲ್ಲಿ ಹುಡುಗ ಅರ್ಜಿ ಹಿಡಿದು ಪ್ರಾಂಶುಪಾಲರ ಎದುರಿಗೇ ನಿಂತಿದ್ದ. ಮನುಷ್ಯರು ಆಜ್ಞೆ ಬರೆದು ಏನನ್ನಾದರೂ ಬದಲಿಸಿದರೆ ಅದೂ ದಿನಚರಿಯಲ್ಲಿ ಪ್ರತ್ಯೇಕ ಸಾಲಾಗಿ ನಿಲ್ಲುತ್ತದೆ. ಅಂದಿನ ಬೆಳಗ್ಗೆ ಅಂತಹ ಸಾಲು ಒಂದೂ ಇರಲಿಲ್ಲ.

ಇಬ್ಬರೂ ಪರೀಕ್ಷಾ ವಿಭಾಗಕ್ಕೆ ನಡೆದೆವು. ಹಿಂದಿನ ದಿನ ಆ ಕೋಣೆಗೆ ಸುಣ್ಣ ಹೊಡೆದಿದ್ದರು. ಬೆಳಗ್ಗೆ ಮೇಜುಗಳನ್ನು ಹಳೆಯ ಜಾಗಕ್ಕೆ ಎಳೆದವರು ನೆಲದ ಮೇಲೆ ಬಿದ್ದಿದ್ದ ಒಂದು ತಂತಿಯ ತುದಿಯನ್ನು ಕಂಡು, ಇದು ಕಳಚಿಕೊಂಡದ್ದಿರಬೇಕೆಂದು ಪಾಪ ಒಳ್ಳೆಯ ಮನಸ್ಸಿನಿಂದಲೇ ಚಿಕ್ಕ ಪೆಟ್ಟಿಗೆಯ ಖಾಲಿ ಕಿಂಡಿಯೊಂದಕ್ಕೆ ಸಿಕ್ಕಿಸಿದ್ದರು. ಆ ತಂತಿಯ ಇನ್ನೊಂದು ತುದಿ ಆ ಪೆಟ್ಟಿಗೆಯಲ್ಲೇ ಇತ್ತು. ಹಾವು ತನ್ನ ಬಾಲವನ್ನೇ ಕಚ್ಚಿತ್ತು. ಸ್ವಿಚ್ಚು ಕಳುಹಿಸಿದ ಓಲೆ ಆ ಸುತ್ತಿನಲ್ಲಿ ತಿರುಗಿ ಸ್ವಿಚ್ಚಿಗೇ ಮರಳಿತ್ತು. ದೀಪಗಳು ಅಷ್ಟು ಚುರುಕಾಗಿ ಮಿಣುಕುತ್ತಿದ್ದದ್ದೂ ಆ ಸುತ್ತಾಟದಿಂದಲೇ. ಆರೋಗ್ಯದ ಲಕ್ಷಣವೆಂದು ಅವರು ತಿಳಿದದ್ದು ಸನ್ನಿಪಾತದ ಕಂಪ.

ತಂತಿಯನ್ನು ಕಿತ್ತದ್ದರಿಂದಲೇ ಪೋರ್ಟು ತೆರೆಯಲಿಲ್ಲ. ಯಂತ್ರದ ಒಲ್ಲೆ ಹಟದ ಒಲ್ಲೆ. ನಿರ್ದಿಷ್ಟ ಅವಧಿಯ ಮೇಲೆ ತಾನೇ ತೆರೆಯುವಂತೆ ಮೊದಲೇ ಹೇಳಿಟ್ಟಿರಬಹುದು. ಹಾಗೆ ಹೇಳಿ ಅವಧಿಯನ್ನು ಬದಲಿಸದಿದ್ದರೆ ಅದು 300 ಸೆಕೆಂಡು. ಹೇಳಿರದಿದ್ದರೆ ಮನುಷ್ಯರೇ ಹೋಗಿ ಆ ಪೋರ್ಟಿಗೆ 'ಶಟ್‌ಡೌನ್' ಎಂದು ಒಮ್ಮೆ ಮುಚ್ಚಿ, 'ನೋ ಶಟ್‌ಡೌನ್' ಎಂದು ಮತ್ತೆ ತೆರೆಯಬೇಕು. ತೆರೆ ಎಂಬುದಕ್ಕೆ ಅವರಲ್ಲಿ ಬೇರೆ ಪದವಿಲ್ಲ. ಮುಚ್ಚಬೇಡ ಎಂದೇ ಹೇಳಬೇಕು. ಕಾರಣವನ್ನು ಕಳೆಯದೆ ಹೀಗೆ ತೆರೆಯುವವರೂ ಉಂಟಂತೆ. ಕ್ಷಣದಲ್ಲೇ ಮತ್ತೆ ಮುಚ್ಚಿಕೊಳ್ಳುತ್ತದೆ, ಯಂತ್ರ ಕೆಟ್ಟಿದೆಯೆಂದು ಅವರು ಹೇಳಿಕೊಂಡು ತಿರುಗುತ್ತಾರೆ. ಒಂದು ಗಂಟೆಗೆ ಮೊದಲೇ ಕಂಪ್ಯೂಟರುಗಳು ನಡೆದವು. ಸಂಜೆಯೊಳಗೆ ಅಂಕಗಳು ಹೋದವು. ನಾನು ಟಿಪ್ಪಣಿ ಪುಸ್ತಕವನ್ನು ಪ್ರಾಂಶುಪಾಲರ ಮೇಜಿನ ಮೇಲೆ ತೆರೆದಿಟ್ಟು 'ಡಿಸೇಬಲ್ಡ್' ಮತ್ತು 'ಎರ್-ಡಿಸೇಬಲ್ಡ್' ಎಂಬವುಗಳ ಭೇದವನ್ನು ವಿವರಿಸಿದೆ. ಅವರೂ ಒಂದು ಕಾಲದ ನನ್ನ ಸಹೋದ್ಯೋಗಿ. ಹನ್ನೊಂದು ಕಾಲಿನವರೆಗೂ ಅವನು ತಮ್ಮ ಮುಂದೆಯೇ ಇದ್ದನೆಂದು ನೆನಪಿಸಿಕೊಂಡರು. ಟೈಪಾದ ಕಾಗದಕ್ಕೆ ಸಹಿ ಬೀಳಲಿಲ್ಲ. ಅವನಲ್ಲಿ ಯಾರೂ ಕ್ಷಮೆ ಕೇಳಲಿಲ್ಲವೆಂಬುದನ್ನೂ ಹೇಳಬೇಕು. ಸಂಬಳದಲ್ಲಿ ಎರಡು ತಿಂಗಳಿನದು ಡಿಸೆಂಬರಿನಲ್ಲಿ ಬಂದಿತು.

'ಕನೆಕ್ಟೆಡ್' ಎಂದಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮವೆಂದು ತಿಳಿಯಬಾರದೆಂಬುದನ್ನು ಅವನು ಆಮೇಲೆ ನನಗೆ ತೋರಿಸಿಕೊಟ್ಟ. ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಕಂಪ್ಯೂಟರು ಬಹಳ ನಿಧಾನವೆಂದು ನಮಗೆಲ್ಲ ಅಸಮಾಧಾನವಿತ್ತು. ಅದರ ಪೋರ್ಟಿನ ಸಾಲಿನಲ್ಲಿ 'ಕನೆಕ್ಟೆಡ್' ಎಂದೇ ಇತ್ತು. ಆದರೆ ಡ್ಯೂಪ್ಲೆಕ್ಸ್ ಅಂಕಣದಲ್ಲಿ ಬೇರೆಯವಕ್ಕೆಲ್ಲ 'ಎ-ಫುಲ್' ಎಂದಿದ್ದರೆ ಇದಕ್ಕೆ 'ಎ-ಹಾಫ್'. ವೇಗ 1000ಕ್ಕೆ ಬದಲು 100. 'ಫುಲ್' ಎಂದರೆ ಎರಡು ಕಡೆಯವರೂ ಏಕಕಾಲದಲ್ಲಿ ಮಾತನಾಡಬಹುದು, 'ಹಾಫ್' ಎಂದರೆ ಒಬ್ಬರು ಆಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಮೊದಲಿನ 'ಎ' ಅಕ್ಷರ, ಇದನ್ನು ಸ್ವಿಚ್ಚು ತಾನಾಗಿ ನಿಷ್ಕರ್ಷೆ ಮಾಡಿತೆನ್ನುವುದಕ್ಕೆ. ಯಾರೋ ಹಿಂದೆ ಆ ಕಂಪ್ಯೂಟರಿನಲ್ಲಿ ವೇಗ 100, ಡ್ಯೂಪ್ಲೆಕ್ಸ್ ಫುಲ್ ಎಂದು ಕೈಯಿಂದ ಖಾಯಂ ಮಾಡಿದ್ದರು. ಹಾಗೆ ಮಾಡಿದಾಗ ಅದು ಎದುರಿನವರೊಡನೆ ಒಪ್ಪಂದದ ಮಾತುಕತೆಗೆ ಬರುವುದಿಲ್ಲ. ಸ್ವಿಚ್ಚು ತಂತಿಯ ಮೇಲಿನ ಸಂಕೇತದಿಂದ ವೇಗವನ್ನೇನೋ ಗುರುತಿಸುತ್ತದೆ. ಡ್ಯೂಪ್ಲೆಕ್ಸನ್ನು ಗುರುತಿಸುವ ದಾರಿಯಿಲ್ಲದೆ, ನಿಯಮದಂತೆ, ಹಾಫ್‌ಗೆ ಇಳಿಯುತ್ತದೆ. ಒಬ್ಬರು ಸರದಿಗೆ ಕಾಯುತ್ತಾರೆ, ಇನ್ನೊಬ್ಬರು ಎಡೆಬಿಡದೆ ಮಾತನಾಡುತ್ತಾರೆ. ಕೆಲಸ ಕಡಿಮೆಯಿದ್ದಾಗ ಇದು ಗೊತ್ತೇ ಆಗುವುದಿಲ್ಲ. ಹೊರೆ ಬಿದ್ದಾಗ ಮಾತುಗಳು ಡಿಕ್ಕಿ ಹೊಡೆದು ಚೂರಾಗುತ್ತವೆ. ಕೆಲವು ಮದುವೆಗಳನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಲ್ಲ.

ಆ ಒಂದು ಪೋರ್ಟಿನ ಹೆಸರು ಹೇಳಿ 'ಶೋ ಇಂಟರ್‌ಫೇಸಸ್' ಎಂದರೆ ಹೀಗೆ ಚೂರಾದವುಗಳ ಲೆಕ್ಕ ಸಿಗುತ್ತದೆ: ಇಷ್ಟು ಡಿಕ್ಕಿಗಳು, ಇಷ್ಟು ಸಿಆರ್‌ಸಿ ತಪ್ಪುಗಳು ಎಂದು. ಸಿಆರ್‌ಸಿ ಎಂದರೆ ಬಂದ ಸಂದೇಶ ದಾರಿಯಲ್ಲಿ ಕೆಟ್ಟಿದೆಯೇ ಎಂದು ನೋಡುವ ತಾಳೆ ಲೆಕ್ಕ. ಇಲ್ಲಿ ಒಂದು ಎಚ್ಚರಿಕೆ. ಆ ಅಂಕೆಗಳು ಎಂದಿನಿಂದಲೋ ಕೂಡುತ್ತ ಬಂದವು. ಐದು ಸಾವಿರವೆಂದಿದ್ದರೆ ಹೆದರಬೇಕಾದದ್ದಿಲ್ಲ, ಅವೆಲ್ಲ ಹೋದ ವರ್ಷದ್ದಿರಬಹುದು. ಐದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರುತ್ತಿದ್ದರೆ ರೋಗ ಈಗಲೂ ಇದೆ. ಡ್ಯೂಪ್ಲೆಕ್ಸ್ ಸರಿಯಿದ್ದೂ ಸಿಆರ್‌ಸಿ ಏರುತ್ತಿದ್ದರೆ ಸಂಶಯ ಕೇಬಲ್ಲಿನ ಮೇಲೆ. ಕೇಬಲ್ಲಿನಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ. 1000ದ ವೇಗಕ್ಕೆ ನಾಲ್ಕೂ ಬೇಕು, 100ಕ್ಕೆ ಎರಡು ಸಾಕು. ಇಲಿ ಕಡಿದ ಕೇಬಲ್ಲಿನ ಮೇಲೂ ಜಾಲ ಕುಂಟುತ್ತ ನಡೆಯುವುದು ಇದರಿಂದಲೇ. ಕೆಲವು ಸ್ವಿಚ್ಚುಗಳು ತಂತಿಯೊಳಗೆ ಮಿಡಿತವೊಂದನ್ನು ಕಳುಹಿಸಿ, ಅದರ ಪ್ರತಿಧ್ವನಿಯಿಂದ ಎಷ್ಟು ಮೀಟರು ದೂರದಲ್ಲಿ ಕಡಿದಿದೆಯೆಂದು ಹೇಳಬಲ್ಲವು. ಆ ಪರೀಕ್ಷೆ ನಡೆಯುವಾಗ ಸಂಪರ್ಕ ಕ್ಷಣಕಾಲ ತಪ್ಪುತ್ತದೆ. ಕೆಲಸದ ಹೊತ್ತಿನಲ್ಲಿ ಮಾಡಬಾರದು.

ಬೇರೆ ಕಂಪನಿಗಳ ಸ್ವಿಚ್ಚುಗಳಲ್ಲಿ ನುಡಿ ಸ್ವಲ್ಪ ಬೇರೆ. ಜುನಿಪರ್ ಎಂಬವರಲ್ಲಿ ಕಡೆಯ ಪದ 'ಟರ್ಸ್', ಅಂದರೆ ಮಿತವಾಗಿ ಹೇಳು ಎಂದು. ಅಲ್ಲಿ ಆಡಳಿತದ ಅಪ್ಪಣೆಗೆ ಒಂದು ಅಂಕಣ, ತಂತಿಯ ವಾಸ್ತವ ಸ್ಥಿತಿಗೆ ಇನ್ನೊಂದು ಅಂಕಣ. ಅಪ್ಪಣೆಯಿದ್ದೂ ಸಂಪರ್ಕವಿಲ್ಲದಿರುವುದು ಒಂದೇ ನೋಟಕ್ಕೆ ಕಾಣುತ್ತದೆ. ನಮ್ಮ ಸರ್ಕಾರಿ ಕಡತಗಳಲ್ಲಿಯೂ ಈ ಎರಡು ಅಂಕಣಗಳಿದ್ದರೆ ಚೆನ್ನಾಗಿತ್ತು.

ಕೋಷ್ಟಕದ ಎರಡನೆಯ ಅಂಕಣ, ಹೆಸರಿನದು, ಅಂದು ಪೂರ್ತಿ ಖಾಲಿಯಿತ್ತು. ಯಾವ ಪೋರ್ಟು ಯಾವ ಕೋಣೆಯದೆಂಬುದು ಆ ಹುಡುಗನ ತಲೆಯಲ್ಲಿ ಮಾತ್ರ ಇತ್ತು. ಅವನು ಕೆಲಸ ಬಿಟ್ಟಿದ್ದರೆ ಅದೂ ಅವನೊಡನೆ ಹೋಗುತ್ತಿತ್ತು. ಈ ಘಟನೆಯಾದ ಮೇಲೆ ಒಂದು ಭಾನುವಾರ ಇಬ್ಬರೂ ಕುಳಿತು ಪೋರ್ಟುಗಳಿಗೆ ಹೆಸರಿಟ್ಟೆವು. ಉದ್ದದ ಹೆಸರಿಟ್ಟರೆ ಕೋಷ್ಟಕದಲ್ಲಿ ಕಡೆಯ ಅಕ್ಷರಗಳು ಕತ್ತರಿಸಿಹೋಗುವುದರಿಂದ ಚಿಕ್ಕದಾಗಿರಬೇಕು. ಹದಿನೇಳಕ್ಕೆ 'ಪರೀಕ್ಷೆ', ನಾಲ್ಕಕ್ಕೆ 'ಓದುಮನೆ', ಒಂಬತ್ತಕ್ಕೆ 'ಕಚೇರಿ', ಎಲ್ಲವೂ ಕನ್ನಡವೇ, ಇಂಗ್ಲಿಷ್ ಅಕ್ಷರಗಳಲ್ಲಿ. ಬದಲಾವಣೆಗಳು ವಿದ್ಯುತ್ ಹೋದರೂ ಉಳಿಯುವಂತೆ ಕಡೆಯಲ್ಲಿ ಬರೆದಿಡುವ ಆಜ್ಞೆಯನ್ನೂ ಕೊಟ್ಟ; ಅದನ್ನು ಮರೆತರೆ ಎಲ್ಲವೂ ಅಳಿಸಿಹೋಗುತ್ತದೆ. ಗಡಿಯಾರವನ್ನೂ ಸರಿಮಾಡಿದೆವು. ಹನ್ನೊಂದನೆಯ ಪೋರ್ಟಿಗೆ ಮಾತ್ರ ಇಂದಿಗೂ ಹೆಸರಿಲ್ಲ. ಅದು 'ಕನೆಕ್ಟೆಡ್' ಎನ್ನುತ್ತದೆ. ಆಚೆ ಒಂದು ಯಂತ್ರವಿರುವುದನ್ನು ವಿಳಾಸದ ಪಟ್ಟಿಯೂ ತೋರಿಸುತ್ತದೆ. ಆದರೆ ಆ ತಂತಿ ಹಳೆಯ ಕಟ್ಟಡದ ಸೂರಿನೊಳಗೆ ಹೋಗಿ ಎಲ್ಲಿ ಇಳಿಯುತ್ತದೆಂಬುದು ನಮಗೆ ಪತ್ತೆಯಾಗಿಲ್ಲ.